ಎಂಜಿನ್ನಿನ ಹದ ಕೆಟ್ಟ ದಿನಕ್ಕಿರಲಿ

ತಮ್ಮಾ, ಸಾಲ ಮಾಡಿಯಾದರೂ ಸ್ವಂತಕ್ಕೊಂದು ಪೆಟ್ರೋಲ್ ಪಿಕಪ್ ಕೊಂಡೆಯಲ್ಲ, ಒಳ್ಳೆಯ ಕೆಲಸ ಮಾಡಿದೆ. ಇನ್ನೊಬ್ಬರ ಗಾಡಿಯ ಸ್ಟೇರಿಂಗ್ ಹಿಡಿದು ಎಷ್ಟು ವರ್ಷ ದುಡಿದರೂ ಗಾಡಿ ಅವರದೇ. ಆದರೆ ಕೆಎ-65 ಎಂದು ಬರೆದ ನಂಬರ್ ಪ್ಲೇಟಿನ ಹೊಳಪು ಮಾಸುವ ಮೊದಲೇ ನೀನು ಗ್ಯಾರೇಜಿಗೆ ಬಂದು ಕೇಳಿದ ಮಾತಿಗೆ ನಿಂತ ಕಾಲಲ್ಲೇ ಉತ್ತರ ಕೊಡುವುದು ಸರಿಯಲ್ಲ. “ಕಾಕಾ, ಹುಬ್ಬಳ್ಳಿಯೊಳಗ ಒಬ್ಬರು ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ ಟ್ಯೂನ್ ಮಾಡಿಕೊಡ್ತಾರಂತ. ಮೈಲೇಜ್, ಪವರ್, ಫುಲ್ ಪವರ್ ಅಂತ ಮೂರು ಸೆಟ್ಟಿಂಗ್ ಅದಾವಂತ. ಯಾವುದು ಹಾಕಿಸ್ಲಿ?” ಎಂದೆ. ಕುಳಿತು ಕೇಳು.

ತೀರ್ಮಾನವನ್ನು ಮೊದಲೇ ಹೇಳುತ್ತೇನೆ, ಕಾರಣಗಳು ಆಮೇಲೆ. ಸೆಟ್ಟಿಂಗ್ ಆರಿಸುವಾಗ ನಿನ್ನ ದಂಧೆಯ ಅತ್ಯಂತ ಕೆಟ್ಟ ದಿನವನ್ನು ಕಣ್ಣ ಮುಂದೆ ತಂದುಕೊ. ಏಪ್ರಿಲ್ ಕೊನೆಯ ಮಧ್ಯಾಹ್ನ, ಗಾಡಿ ತುಂಬ ಲೋಡು, ಅಣಶಿ ಘಾಟಿಯ ಏರು, ಟ್ಯಾಂಕಿನಲ್ಲಿ ಯಾವುದೋ ಊರ ಅಂಗಡಿಯಲ್ಲಿ ಬಾಟಲಿಯಿಂದ ಸುರಿಸಿಕೊಂಡ ಪೆಟ್ರೋಲು, ಮುಂದೆ ತೆವಳುತ್ತಿರುವ ಲಾರಿ. ಆ ಹೊತ್ತಿನಲ್ಲೂ ಕಾವು ಮೀರದೆ, ನಾಕ್ ಹೊಡೆಯದೆ ಎಂಜಿನ್ನನ್ನು ಮೇಲಕ್ಕೆ ಒಯ್ಯುವ ಸೆಟ್ಟಿಂಗ್ ಯಾವುದೋ ಅದೇ ನಿನ್ನದು. ಡಿಸೆಂಬರಿನ ತಂಪು ಬೆಳಗಿನಲ್ಲಿ ಖಾಲಿ ಗಾಡಿಯನ್ನು ಹಳಿಯಾಳ ರಸ್ತೆಯಲ್ಲಿ ಓಡಿಸಿ “ಏನು ಪಿಕಪ್ ಐತಿ!” ಎನ್ನಿಸಿದ ಸೆಟ್ಟಿಂಗ್ ಬಾಡಿಗೆ ಗಾಡಿಗೆ ಅಳತೆಗೋಲಾಗದು.

ಲ್ಯಾಪ್‌ಟಾಪಿನ ಜೊತೆ ಹಚ್ಚುವ ಟ್ಯೂನರ್ ಎಂಬ ಡಬ್ಬಿ ಏನು ಮಾಡುತ್ತದೆ ಎಂಬುದನ್ನು ತಿಳಿದುಕೋ, ಅರ್ಧ ಮೋಹ ಅಲ್ಲಿಗೇ ಇಳಿಯುತ್ತದೆ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಹಚ್ಚುವ ಸಾಕೆಟ್ ಇದೆಯಲ್ಲ, ಅಲ್ಲಿಂದ ಅದು ಇಸಿಎಂ ಎಂಬ ಎಂಜಿನ್ನಿನ ಕಂಪ್ಯೂಟರ್ ಒಳಗೆ ಹೋಗಿ ಕಂಪನಿ ಬರೆದಿಟ್ಟ ಕೋಷ್ಟಕಗಳನ್ನು ತಿದ್ದುತ್ತದೆ. ಎಷ್ಟು ಆರ್‌ಪಿಎಂ ಇದ್ದಾಗ, ಎಷ್ಟು ಗಾಳಿ ಒಳಗೆ ಬಂದಾಗ, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಪ್ಲಗ್ ಯಾವಾಗ ಕಿಡಿ ಹಾರಿಸಬೇಕು, ಕಾಲಿನ ಪೆಡಲ್ ಎಷ್ಟು ತುಳಿದರೆ ಥ್ರಾಟಲ್ ಎಷ್ಟು ತೆರೆಯಬೇಕು, ಫ್ಯಾನ್ ಯಾವಾಗ ತಿರುಗಬೇಕು, ವೇಗ ಎಲ್ಲಿಗೆ ನಿಲ್ಲಬೇಕು, ಎಲ್ಲವೂ ಅಲ್ಲಿ ಅಂಕಿಗಳಾಗಿ ಕುಳಿತಿವೆ. ಎಂಜಿನ್ನಿನ ಲೋಹ, ಪಿಸ್ಟನ್, ರೇಡಿಯೇಟರ್, ಗೇರ್‌ಬಾಕ್ಸ್, ಬ್ರೇಕ್ ಇವುಗಳಲ್ಲಿ ಒಂದನ್ನೂ ಅದು ಮುಟ್ಟುವುದಿಲ್ಲ. ಅಂದರೆ ಅಂಕಿ ಬದಲಾಗುತ್ತದೆ, ಆ ಅಂಕಿಯ ಭಾರ ಹೊರುವ ಸಾಮಾನು ಹಳೆಯದೇ ಇರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಪೆಟ್ರೋಲ್ ಜೀಪುಗಳ ಕಾಲದಲ್ಲಿ ಮಿಸ್ತ್ರಿಗಳು ಇದನ್ನೇ ಕೈಯಿಂದ ಮಾಡುತ್ತಿದ್ದರು. ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಒಂದು ಕೂದಲೆಳೆಯಷ್ಟು ತಿರುಗಿಸಿ, ಗಾಡಿಗೆ ಭಾರ ಹಾಕಿ ಏರಿಗೆ ಬಿಡುವುದು. ಮೇಲಿನ ಗೇರಿನಲ್ಲಿ ಜೋರಾಗಿ ತುಳಿದಾಗ ಬಾನೆಟ್ ಒಳಗಿಂದ ‘ಟಿಣ್ ಟಿಣ್’ ಸದ್ದು ಬಂದರೆ ಟೈಮಿಂಗ್ ಮುಂದೆ ಹೋಗಿದೆ ಎಂದು ತಿಳಿದು ಸ್ವಲ್ಪ ಹಿಂದಕ್ಕೆ ತಂದು ಬೋಲ್ಟ್ ಬಿಗಿಯುವುದು. ಆ ಪರೀಕ್ಷೆ ನಡೆಯುತ್ತಿದ್ದದ್ದು ಲೋಡಿನಲ್ಲಿ, ಏರಿನಲ್ಲಿ, ಬಿಸಿ ಎಂಜಿನ್ನಿನಲ್ಲಿ. ಗ್ಯಾರೇಜಿನ ನೆರಳಲ್ಲಿ ಖಾಲಿ ಎಂಜಿನ್ ರೇಸ್ ಮಾಡಿ ಟೈಮಿಂಗ್ ಒಪ್ಪಿಸಿದವನನ್ನು ಯಾವ ಡ್ರೈವರನೂ ನಂಬುತ್ತಿರಲಿಲ್ಲ. ಲ್ಯಾಪ್‌ಟಾಪ್ ಬಂತೆಂದು ಆ ನಿಯಮ ರದ್ದಾಗಿಲ್ಲ.

ಆ ‘ಟಿಣ್ ಟಿಣ್’ ಸದ್ದಿನ ಹೆಸರೇ ನಾಕ್, ಪೆಟ್ರೋಲ್ ಎಂಜಿನ್ನಿನ ಗಡಿಗೆರೆ ಅದೇ. ಪಿಸ್ಟನ್ ಮೇಲೇರುತ್ತಿರುವಾಗಲೇ, ತುದಿ ಮುಟ್ಟುವುದಕ್ಕೆ ಕೆಲವು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ. ಪಿಸ್ಟನ್ ತುದಿ ಮುಟ್ಟಿ ಕೆಳಕ್ಕೆ ಹೊರಳಿ ಸುಮಾರು 12ರಿಂದ 15 ಡಿಗ್ರಿ ಇಳಿದಾಗ ಒತ್ತಡ ಗರಿಷ್ಠವಾದರೆ ತಳ್ಳುವ ಬಲ ಚೆನ್ನಾಗಿ ಸಿಗುತ್ತದೆ. ಕಿಡಿಯನ್ನು ಇನ್ನೂ ಮುಂಚೆ ಹಾರಿಸಿದರೆ ಒಂದು ಮಿತಿಯವರೆಗೆ ಶಕ್ತಿ ಹೆಚ್ಚುತ್ತದೆ. ಮಿತಿ ದಾಟಿದರೆ ಬೆಂಕಿ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕ್. ಒಂದೆರಡು ಸಲ ಹೊಡೆದರೆ ಏನೂ ಆಗದು. ಘಾಟಿ ಮುಗಿಯುವವರೆಗೂ ಹೊಡೆದರೆ ಪಿಸ್ಟನ್ನಿನ ತಲೆ ತಿನ್ನುತ್ತದೆ, ರಿಂಗ್ ಕೂರುವ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಈಗಿನ ಎಂಜಿನ್ನುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ, ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಅದು ಹಿಡಿದು ಟೈಮಿಂಗ್ ಹಿಂದೆಳೆಯುತ್ತದೆ. ‘ಫುಲ್ ಪವರ್’ ಹಾಕಿಸಿದ ಎಷ್ಟೋ ಗಾಡಿಗಳು ಬಿಸಿಲಲ್ಲಿ ಮೊದಲಿಗಿಂತ ಮಂದವಾಗುವುದು ಇದರಿಂದಲೇ. ಕೋಷ್ಟಕ ಮುಂದಕ್ಕೆ ತಳ್ಳುತ್ತದೆ, ಸೆನ್ಸರ್ ಹಿಂದಕ್ಕೆ ಎಳೆಯುತ್ತದೆ, ನಡುವೆ ನಿನ್ನ ಪೆಟ್ರೋಲ್ ಸುಡುತ್ತದೆ.

ಇಲ್ಲಿ ಆಕ್ಟೇನ್ ಮಾತು ಬರುತ್ತದೆ. ಆಕ್ಟೇನ್ ಅಂದರೆ ನಾಕ್ ತಡೆಯುವ ಗುಣ, ಪೆಟ್ರೋಲಿನೊಳಗಿನ ಶಕ್ತಿಯ ಅಳತೆ ಬೇರೆ. ಕಂಪನಿ ಸೆಟ್ಟಿಂಗಿನಲ್ಲಿ ಸಾದಾ ಪೆಟ್ರೋಲಿಗೆ ಸುಖವಾಗಿರುವ ಎಂಜಿನ್ನಿಗೆ ಲೀಟರಿಗೆ ಹೆಚ್ಚು ದುಡ್ಡು ಕೊಟ್ಟು 100 ಆಕ್ಟೇನ್ ಹಾಕಿಸಿದರೆ ದೊಡ್ಡ ಲಾಭವೇನೂ ಇಲ್ಲ. ಅದೇ ಪೆಟ್ರೋಲಿಗೆಂದೇ ಟೈಮಿಂಗ್ ಮುಂದೆ ತಳ್ಳಿಸಿಕೊಂಡರೆ ಲಾಭ ಉಂಟು, ಜೊತೆಗೆ ಒಂದು ಬಂಧನವೂ ಉಂಟು. ಆಮೇಲೆ ಪ್ರತಿ ಸಲ ಅದೇ ಪೆಟ್ರೋಲ್ ಸಿಗಬೇಕು. ಹುಬ್ಬಳ್ಳಿ, ಬೆಳಗಾವಿಯಲ್ಲಿ ಸಿಕ್ಕೀತು. ಕುಂಬಾರವಾಡಾ, ಉಳವಿ, ಡಿಗ್ಗಿ ಕಡೆ ಬಾಡಿಗೆ ಹೋದಾಗ ಯಾವುದು ಸಿಕ್ಕಿತೋ ಅದೇ ಗತಿ. ನೀನು ದಿನವೂ ತುಂಬಿಸುವ ಬಂಕಿನ ಸಾದಾ ಪೆಟ್ರೋಲಿಗೆ ಹೊಂದುವ ಸೆಟ್ಟಿಂಗನ್ನೇ ಕೇಳು, ಒಂದು ಮೆಟ್ಟಿಲು ಮೇಲಿನದ್ದು ಬೇಡ.

ಇದರಲ್ಲಿ ಇನ್ನೊಂದು ಬಲೆ ಇದೆ, ನಮ್ಮ ಹುಡುಗರು ಬೀಳುವುದು ಇದಕ್ಕೇ. ಈ ಟ್ಯೂನರ್ ಡಬ್ಬಿಗಳು ಮತ್ತು ಅವುಗಳ ವಿಡಿಯೊಗಳು ಬಹಳಷ್ಟು ಅಮೆರಿಕದಿಂದ ಬರುತ್ತವೆ. ಅಲ್ಲಿ ಪಿಕಪ್ ಟ್ರಕ್ಕುಗಳು ಬಹುತೇಕ ಪೆಟ್ರೋಲಿನವು, ಹಲವಕ್ಕೆ ಐದಾರು ಲೀಟರಿನ ಎಂಜಿನ್ನುಗಳು. ಡಬ್ಬಿಯಲ್ಲಿ ‘87’, ‘91’, ‘93’ ಎಂದು ಸೆಟ್ಟಿಂಗ್ ಇರುತ್ತದೆ. ನಮ್ಮ ಸಾದಾ ಪೆಟ್ರೋಲಿಗೂ ಬಿಎಸ್-6 ನಿಯಮದಲ್ಲಿ 91 ಎಂಬ ಅಂಕಿಯೇ ಇತ್ತು. ಎರಡೂ 91 ಒಂದೇ ಎಂದುಕೊಂಡೆಯೋ ಕೆಟ್ಟೆ. ನಾವು ಬಳಸುವುದು ರಿಸರ್ಚ್ ಆಕ್ಟೇನ್ ಎಂಬ ಅಳತೆ. ಅವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬಂಕಿನ ಮೇಲೆ ಬರೆಯುತ್ತಾರೆ. ಅವರ 87 ಎಂದರೆ ಹೆಚ್ಚು ಕಡಿಮೆ ನಮ್ಮ 91, ಅವರ 91 ಎಂದರೆ ನಮ್ಮ 95–96ರ ಹತ್ತಿರ. ಅಮೆರಿಕದ ‘91’ ಸೆಟ್ಟಿಂಗ್ ಹಾಕಿ ನಮ್ಮ 91ರ ಪೆಟ್ರೋಲ್ ತುಂಬಿಸಿದರೆ ಮೊದಲ ಘಾಟಿಯಲ್ಲೇ ನಾಕ್ ಶುರು. ಟ್ಯೂನ್ ಮಾಡುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: “ಈ ಅಂಕಿ ಯಾವ ಲೆಕ್ಕದ್ದು?”

ಎಥನಾಲ್ ವಿಷಯವನ್ನೂ ತಿಳಿದಿರು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ-20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ನೂರಕ್ಕೆ 20 ಭಾಗ ಎಥನಾಲ್. ಈಗ ಅದೇ ಸಾಮಾನ್ಯ ಪೆಟ್ರೋಲ್ ಆಗಿದೆ. ಹಳಿಯಾಳದ ಪ್ಯಾರಿ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಇದೆ, ನಮ್ಮ ರೈತರು ಬೆಳೆದ ಕಬ್ಬಿನ ನಂಟು ನಿನ್ನ ಟ್ಯಾಂಕಿನವರೆಗೂ ಬಂದಿದೆ ಎನ್ನು. ಎಥನಾಲ್ ಸೇರಿದರೆ ಆಕ್ಟೇನ್ ಏರುತ್ತದೆ, ನಾಕ್ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಇ-20ರಲ್ಲಿ ಲೀಟರಿಗೆ ಆರೇಳು ಪ್ರತಿಶತ ಶಕ್ತಿ ಇಳಿಯುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ ಬರೆದ ಹಳೆಯ ಕೋಷ್ಟಕಗಳ ಫೈಲನ್ನು ತಂದು ಇ-20 ಓಡುವ ಎಂಜಿನ್ನಿಗೆ ತುಂಬಿದರೆ, ತುಳಿದು ಏರುವಾಗ ಪೆಟ್ರೋಲ್ ಕಡಿಮೆ ಬಿದ್ದು ಮಿಶ್ರಣ ತೆಳುವಾಗುತ್ತದೆ, ಕಾವು ಏರುತ್ತದೆ. “ಇ-20ಕ್ಕೆ ಬರೆದ ಫೈಲೇ?” ಎಂಬುದು ಎರಡನೆಯ ಪ್ರಶ್ನೆ. ಇನ್ನೊಂದು, ಎಥನಾಲ್ ನೀರು ಹೀರುತ್ತದೆ. ಜೋಯಿಡಾದ ಮಳೆಗಾಲದಲ್ಲಿ ಬಾಡಿಗೆ ಇಲ್ಲದೆ ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡ, ತುಂಬಿಸಿಡು. ಖಾಲಿ ಜಾಗದ ಹಸಿಗಾಳಿಯೇ ಟ್ಯಾಂಕಿಗೆ ನೀರು ತರುವುದು.

ಈಗ ನಿನಗೆ ನಿಜವಾಗಿ ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಹಾಕೋಣ, ಕಾಗದ ತೆಗೆದುಕೋ. ಮಾರುತಿಯ ಸೂಪರ್ ಕ್ಯಾರಿಯಂಥ ಗಾಡಿಗೆ 1.2 ಲೀಟರ್ ಎಂಜಿನ್, ಸುಮಾರು 80 ಕುದುರೆಬಲ, 2900 ಆರ್‌ಪಿಎಂ ಸುತ್ತ 104 ನ್ಯೂಟನ್ ಮೀಟರ್ ಟಾರ್ಕ್. ಲೋಡು ಸೇರಿ ಗಾಡಿ 1600 ಕಿಲೋ ಎಂದುಕೋ. ಹನ್ನೆರಡು ಅಡಿಗೆ ಒಂದು ಅಡಿ ಏರುವ ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಹೋಗಲು ಚಕ್ರದ ಬಳಿ ಬೇಕಾದದ್ದು 18 ಕುದುರೆಬಲದ ಆಸುಪಾಸು. ಗೇರ್‌ಬಾಕ್ಸಿನಲ್ಲಿ ಹೋಗುವುದನ್ನು ಸೇರಿಸಿದರೂ 20 ಸಾಕು. 2900 ಆರ್‌ಪಿಎಂನಲ್ಲಿ ನಿನ್ನ ಎಂಜಿನ್ ಈಗಾಗಲೇ 40ಕ್ಕೂ ಹೆಚ್ಚು ಕೊಡುತ್ತಿದೆ. ಹಾಗಾದರೆ ಘಾಟಿಯಲ್ಲಿ ಗಾಡಿ ಯಾಕೆ ಉಸಿರು ಬಿಡುತ್ತದೆ?

ಯಾಕೆಂದರೆ ನೀನು ಡ್ರೈವಿಂಗ್ ಕಲಿತದ್ದು ಡೀಸೆಲ್ ಬೊಲೆರೊ ಪಿಕಪ್ ಮೇಲೆ. ಅದರ 2.5 ಲೀಟರ್ ಎಂಜಿನ್ 1400ರಿಂದ 2200 ಆರ್‌ಪಿಎಂ ಒಳಗೇ 200 ನ್ಯೂಟನ್ ಮೀಟರ್ ಕೊಡುತ್ತದೆ, ಮೂರನೇ ಗೇರಿನಲ್ಲಿ ತುಳಿದಿಟ್ಟರೆ ಗುಡ್ಡ ಏರುತ್ತದೆ. ಆ ಅಭ್ಯಾಸವನ್ನೇ ಈ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ತಂದೆ. 1500 ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ಪೆಡಲ್ ನೆಲಕ್ಕೆ ಒತ್ತಿದರೆ ಶಕ್ತಿಯೂ ಬರುವುದಿಲ್ಲ, ನಾಕ್ ಹೊಡೆಯುವುದಕ್ಕೆ ಅದಕ್ಕಿಂತ ಅನುಕೂಲದ ಸ್ಥಿತಿಯೂ ಇಲ್ಲ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸು, ಎಂಜಿನ್ 2800–3500ರ ನಡುವೆ ಹಾಡುತ್ತಿರಲಿ, ಕಾಲು ಅರ್ಧಕ್ಕಿರಲಿ. ಸದ್ದು ಹೆಚ್ಚಾಯಿತೆಂದು ಹೆದರಬೇಡ, ಪೆಟ್ರೋಲ್ ಎಂಜಿನ್ ಹುಟ್ಟಿರುವುದೇ ಹಾಗೆ ತಿರುಗಲಿಕ್ಕೆ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಬರೀ ಸಾಫ್ಟ್‌ವೇರ್ ತಿದ್ದಿ ಸಿಗುವುದು ಅಲ್ಪ. ನೂರಕ್ಕೆ ಐದು ಸಿಕ್ಕಿತೆನ್ನು, 80 ಇದ್ದದ್ದು 84 ಆಯಿತು. ಆ ನಾಲ್ಕು ಕುದುರೆಗಳೂ ಸಾಮಾನ್ಯವಾಗಿ ಮೇಲಿನ ಆರ್‌ಪಿಎಂನಲ್ಲಿ, 5500–6000ದ ಹತ್ತಿರ ಕಾಣಿಸುತ್ತವೆ. ಲೋಡ್ ಹಾಕಿಕೊಂಡು ನೀನು ಅಲ್ಲಿಗೆ ಹೋಗುವುದೇ ಇಲ್ಲ. ಉಳವಿ ಜಾತ್ರೆಗೆ ಧಾರವಾಡ ಸೀಮೆಯಿಂದ ಚಕ್ಕಡಿ ಹೂಡಿಕೊಂಡು ಬರುವ ರೈತರನ್ನು ನೋಡಿದ್ದೀಯಲ್ಲ. ಅವರು ಹೂಡುವುದು ದಿನಗಟ್ಟಲೆ ಒಂದೇ ನಡಿಗೆಯಲ್ಲಿ ನಡೆದು ಕಾಡು ದಾಟುವ ಎತ್ತುಗಳನ್ನು, ಓಟದ ಪಂದ್ಯದ ಎತ್ತುಗಳನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನೀನು ಟಾರ್ಕ್ ನೋಡು, ಅದೂ 2000ದಿಂದ 3500ರ ನಡುವೆ. ಟ್ಯೂನ್ ಮಾಡುವವನು ಗ್ರಾಫ್ ತೋರಿಸಿದರೆ ಬೆಟ್ಟದ ತುದಿಯಂತಿರುವ ಕೊನೆಯ ಅಂಕಿಯನ್ನು ಬಿಟ್ಟು ಆ ನಡುಭಾಗದಲ್ಲಿ ಗೆರೆ ಎಷ್ಟು ಮೇಲಕ್ಕೆ ಬಂದಿದೆ ಎಂದು ಬೆರಳಿಟ್ಟು ಕೇಳು.

ಅದಕ್ಕೂ ಮೊದಲು, ಗಾಡಿಯಲ್ಲಿ ಆಗಲೇ ಇದ್ದು ಸೋರಿಹೋಗುತ್ತಿರುವ ಶಕ್ತಿಯನ್ನು ಹಿಡಿ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳು ಎಬ್ಬಿಸುವ ಧೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ. ಕಂಪನಿ ಹೇಳಿದ ಕಿಲೋಮೀಟರ್‌ಗೆ ಕಾಯದೆ ತೆಗೆದು ನೋಡು. ಪ್ಲಗ್ ಬಿಚ್ಚು. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ, ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳು, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಸಮತಟ್ಟಿನಲ್ಲಿ ನ್ಯೂಟ್ರಲ್ ಮಾಡಿ ಕೈಯಿಂದ ತಳ್ಳು. ಬಿಗಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ. ಟೈರಿನ ಗಾಳಿ ಲೋಡಿಗೆ ತಕ್ಕಷ್ಟಿದೆಯೇ ನೋಡು. ಚೆಂದಕ್ಕೆಂದು ದೊಡ್ಡ ಟೈರ್ ಹಾಕಿಸಿದ್ದರೆ ಮೊದಲು ಅದನ್ನು ತೆಗೆಸು. ಟೈರ್ ಎತ್ತರವಾದಷ್ಟು ಎಲ್ಲ ಗೇರುಗಳೂ ಉದ್ದವಾಗಿ ಏರಿನ ಎಳೆತ ಕುಗ್ಗುತ್ತದೆ, ಸ್ಪೀಡೊಮೀಟರ್ ಸುಳ್ಳು ಹೇಳುತ್ತದೆ. ಟ್ಯೂನರಿನಲ್ಲಿ ಟೈರಿನ ಅಳತೆ ತಿದ್ದುವ ಜಾಗವಿರುತ್ತದೆ, ಅದು ಮೀಟರನ್ನಷ್ಟೇ ಸರಿಮಾಡೀತು, ಎಳೆತ ಮರಳಿ ಬಾರದು.

ಉಳಿದ ಸೆಟ್ಟಿಂಗುಗಳಲ್ಲಿ ಪೆಡಲಿನದು ಮುಖ್ಯ. ‘ಸ್ಪೋರ್ಟ್’ ಎಂದು ಹಾಕಿದರೆ ಕಾಲು ಸ್ವಲ್ಪ ಮುಟ್ಟಿಸಿದರೂ ಥ್ರಾಟಲ್ ಬಾಯಿ ತೆರೆಯುತ್ತದೆ. ಶಕ್ತಿ ಹೆಚ್ಚಿದಂತೆ ಭ್ರಮೆ ಹುಟ್ಟಿಸುವುದು ಬಹುತೇಕ ಇದೇ. ಜೋಯಿಡಾದ ಒಳ ಹಳ್ಳಿಗಳಲ್ಲಿ ಜುಲೈ ತಿಂಗಳ ಕೆಂಪು ಕೆಸರಿನ ಏರಿಗೆ ಇದು ವೈರಿ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ, ಒಮ್ಮೆಲೇ ಬಲ ಬಿದ್ದರೆ ಹಿಂದಿನ ಚಕ್ರ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ. ಪೆಡಲ್ ಮೃದುವಾಗಿಯೇ ಇರಲಿ. ಫ್ಯಾನ್ ಸ್ವಲ್ಪ ಬೇಗ ತಿರುಗುವಂತೆ ಮಾಡಿಸುವುದು ಘಾಟಿಯಲ್ಲಿ ತೆವಳುವವನಿಗೆ ಉಪಯೋಗದ ತಿದ್ದುಪಡಿ, ಆದರೆ ಕಟ್ಟಿಕೊಂಡ ರೇಡಿಯೇಟರಿಗೆ ಅದು ಮದ್ದಲ್ಲ. ಆರ್‌ಪಿಎಂ ಮಿತಿಯನ್ನು ಮುಟ್ಟಲೇಬೇಡ. ಸರಕು ಗಾಡಿಗೆ ಕಾನೂನು ಹಾಕಿದ 80 ಕಿಲೋಮೀಟರ್ ವೇಗಮಿತಿಯನ್ನು ತೆಗೆಸುವ ಮಾತು ನಿನ್ನ ಬಾಯಿಂದ ಬರಕೂಡದು. ಕಾಲು ತೆಗೆದಾಗ ಸೈಲೆನ್ಸರ್ ‘ಪಟಪಟ’ ಸಿಡಿಯುವಂತೆ ಮಾಡುವ ಸೆಟ್ಟಿಂಗೂ ಒಂದಿದೆ. ಪೆಟ್ರೋಲನ್ನು ಬೇಕೆಂದೇ ಸೈಲೆನ್ಸರಿನಲ್ಲಿ ಸುಡುವ ಆಟ ಅದು, ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕರಗಿ ಕೂರುತ್ತದೆ. ಆ ಸಿಡಿತದ ಸದ್ದು ಬೇರೆ: ನಮ್ಮ ರಸ್ತೆಗಳು ಹಾಯುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ, ಮಂಗಟ್ಟೆ ಹಕ್ಕಿ ಗೂಡು ಕಟ್ಟುವ ಮರಗಳ ಕೆಳಗೆ. ಆ ಕಾಡು ನೋಡಲು ಬರುವ ಜನರಿಂದಲೇ ನಿನ್ನ ಅರ್ಧ ಬಾಡಿಗೆ ಹುಟ್ಟುತ್ತದೆ ಎಂಬುದೂ ನೆನಪಿರಲಿ.

ನಾಲ್ಕು ತಾಲೂಕಿಗೆ ನಾಲ್ಕು ಬಗೆಯ ದುಡಿಮೆ ಇದೆ, ನಿನ್ನದು ಯಾವುದೆಂದು ಮೊದಲು ಗುರುತಿಸು. ಹಳಿಯಾಳದಿಂದ ಧಾರವಾಡಕ್ಕೆ ತರಕಾರಿ, ಹಾಲು ಒಯ್ಯುವವನಿಗೆ ರಸ್ತೆ ಹೆಚ್ಚು ಕಡಿಮೆ ಸಮ, ಮೈಲೇಜ್ ಸೆಟ್ಟಿಂಗ್ ಒಪ್ಪುತ್ತದೆ. ಮುಂಡಗೋಡದಿಂದ ತಡಸದ ಮೇಲೆ ಹುಬ್ಬಳ್ಳಿಗೆ ಗೋವಿನಜೋಳದ ಚೀಲ ಹೇರುವವನಿಗೂ, ಟಿಬೆಟಿಯನ್ ಕ್ಯಾಂಪುಗಳಿಗೆ ಸಾಮಾನು ತರುವವನಿಗೂ ಅದೇ ಮಾತು. ಆದರೆ ಮೈಲೇಜ್ ಸೆಟ್ಟಿಂಗಿನಲ್ಲೂ ಮೋಸವಿದೆ. ಪೂರ್ತಿ ತುಳಿದಾಗ ಮಿಶ್ರಣ ಒಂದು ಕಿಲೋ ಪೆಟ್ರೋಲಿಗೆ 12.5–13 ಕಿಲೋ ಗಾಳಿಯಷ್ಟು ದಪ್ಪವಾಗಬೇಕು, ಆ ಹೆಚ್ಚಿನ ಪೆಟ್ರೋಲೇ ಸಿಲಿಂಡರನ್ನು ತಂಪಿಡುವುದು. ಅಲ್ಲಿಯೂ ಕತ್ತರಿ ಹಾಕಿ ಉಳಿತಾಯ ತೋರಿಸುವ ಫೈಲ್ ಏರಿನಲ್ಲಿ ವಾಲ್ವ್ ಸುಡುತ್ತದೆ. ದಾಂಡೇಲಿಯಿಂದ ಗಣೇಶಗುಡಿಗೆ ರಾಫ್ಟು, ರೆಸಾರ್ಟಿನ ದಿನಸಿ ಒಯ್ಯುವವನು ನಿಲ್ಲುತ್ತ ಹೊರಡುತ್ತ ದಿನ ಕಳೆಯುತ್ತಾನೆ, ಅವನಿಗೆ ಕೆಳಗಿನ ಆರ್‌ಪಿಎಂನಲ್ಲಿ ಹದವಾದ ಎಳೆತ ಬೇಕು. ಜೋಯಿಡಾದಿಂದ ಅಣಶಿ ಇಳಿದು ಕದ್ರಾ, ಕಾರವಾರ ಕಡೆ ಹೋಗಿ ಬರುವವನಿಗೆ ಕಂಪನಿಯ ಸೆಟ್ಟಿಂಗೇ ಸರಿ. ಏನಾದರೂ ಮಾಡಿಸಲೇಬೇಕೆಂದರೆ ಟೈಮಿಂಗ್ ಒಂದೆರಡು ಡಿಗ್ರಿ ಹಿಂದಿಟ್ಟ, ಲೋಡಿಗೆಂದೇ ಬರೆದ ಫೈಲ್. ಮರಾಠಿ, ಕೊಂಕಣಿ, ಕನ್ನಡ ಮೂರೂ ಮಾತಾಡುವ ಆ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಫೋನಿಗೆ ನೆಟ್‌ವರ್ಕ್ ಹುಡುಕುವುದೇ ಅರ್ಧ ದಿನದ ಕೆಲಸ.

ಇಷ್ಟೆಲ್ಲ ಕೇಳಿಯೂ ಮಾಡಿಸುತ್ತೇನೆಂದರೆ, ಕ್ರಮ ಇದು. ಬರೆಸುವ ಮೊದಲು ಓದು. ಸಾಕೆಟ್ಟಿಗೆ ಹಚ್ಚುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೊಂಡು, ಈಗಿರುವ ಸೆಟ್ಟಿಂಗಿನಲ್ಲೇ ನಿನಗೆ ಗೊತ್ತಿರುವ ಒಂದು ಏರಿನಲ್ಲಿ ಒಂದೇ ಲೋಡ್ ಹಾಕಿ, ಒಂದೇ ಗೇರಿನಲ್ಲಿ ಏರು. ಪಕ್ಕದಲ್ಲಿ ಕುಳಿತವನು ಫೋನಿನಲ್ಲಿ ಕೂಲಂಟಿನ ಕಾವು, ಒಳಗೆ ಬರುವ ಗಾಳಿಯ ಕಾವು, ಟೈಮಿಂಗ್ ಡಿಗ್ರಿ, ಫ್ಯೂಯೆಲ್ ಟ್ರಿಮ್ (ಇಸಿಎಂ ತಾನಾಗಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಪ್ರತಿಶತ) ಇವನ್ನು ದಾಖಲಿಸಲಿ. ಓಡಿಸುವವನು ಫೋನ್ ನೋಡಕೂಡದು. ಟ್ರಿಮ್ ಸೊನ್ನೆಯ ಆಚೆ ಈಚೆ ಐದರೊಳಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಹತ್ತು ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಇಂಜೆಕ್ಟರ್ ಕಟ್ಟಿದೆ. ಅದನ್ನು ಸರಿಮಾಡದೆ ಟ್ಯೂನ್ ಮಾಡಿಸಿದರೆ ರೋಗದ ಮೇಲೆ ಸೆಟ್ಟಿಂಗ್ ಕೂರಿಸಿದ ಹಾಗೆ. ಮೂಲ ಫೈಲಿನ ಪ್ರತಿಯನ್ನು ನಿನ್ನ ಕೈಗೆ ಇಸಿದುಕೋ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ಏರು, ಅದೇ ಲೋಡ್, ಅದೇ ಗೇರ್, ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿನಲ್ಲೇ ಮತ್ತೆ ಏರಿ ಹೋಲಿಸು. ಟೈಮಿಂಗ್ ಅಂಕಿ ತುಳಿದ ನಡುವೆಯೇ ದಡಕ್ಕನೆ ಇಳಿಯುತ್ತಿದ್ದರೆ ಎಂಜಿನ್ ಒಲ್ಲೆ ಎನ್ನುತ್ತಿದೆ, ಹಳೆಯ ಫೈಲಿಗೆ ಮರಳು.

ಏರಿದ್ದು ಇಳಿಯಬೇಕಲ್ಲ. ನೀನು ಎಂಜಿನ್ ಬಗ್ಗೆ ಇಷ್ಟು ಕೇಳಿದೆ, ಬ್ರೇಕ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. 1600 ಕಿಲೋ ಗಾಡಿ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖದಿಂದ 25 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಅದರಲ್ಲಿ ಎಂಜಿನ್ ಬ್ರೇಕಿಂಗ್ ಎಷ್ಟು ನುಂಗುತ್ತದೋ ಅಷ್ಟು ಪುಣ್ಯ, ಉಳಿದದ್ದೆಲ್ಲ ಲೈನರ್ ಮೇಲೆ. ಪೆಟ್ರೋಲ್ ಎಂಜಿನ್ ಸಣ್ಣದಾದರೂ ಎರಡನೇ ಗೇರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಏರಿದ ಗೇರಿನಲ್ಲೇ ಇಳಿ. ಟ್ಯೂನಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಬ್ರೇಕ್ ಆಯಿಲ್ ಬದಲಿಸು, ಲೈನರ್ ನೋಡಿಸು, ನಾಲ್ಕೂ ಟೈರ್ ಸರಿಮಾಡಿಸು. ಹಣ ಉಳಿದರೆ ಆಮೇಲೆ ಎಂಜಿನ್ನಿನ ಮಾತು.

ಕಾಗದದ ಕಡೆಯನ್ನೂ ಕೇಳಿಬಿಡು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು. ಕನ್ವರ್ಟರ್ ತೆಗೆಸುವುದು, ಹೊಗೆಯ ಸೆನ್ಸರ್ ಮುಚ್ಚಿಸುವುದು ನೇರ ತಪ್ಪು. ಲೋಡ್ ಮಿತಿ ಮೀರಿದರೆ ದಂಡ 20,000ದಿಂದ ಶುರು. ವಾರಂಟಿ ಅವಧಿಯಲ್ಲಿ ಇಸಿಎಂ ತೆರೆದ ಗುರುತು ಸಿಕ್ಕರೆ ಕಂಪನಿ ಕೈ ತೊಳೆದುಕೊಳ್ಳಬಹುದು. ಅಪಘಾತವಾದ ದಿನ ಹೇಳದೆ ಮಾಡಿಸಿದ ಮಾರ್ಪಾಡು ವಿಮೆಯವರಿಗೆ ತಕರಾರಿನ ಬಾಗಿಲು ತೆರೆಯುತ್ತದೆ. ಗಾಡಿ ಇನ್ನೂ ಬ್ಯಾಂಕಿಗೆ ಅಡವಿದೆ, ಏನೇ ಆದರೂ ಕಂತು ಕಟ್ಟಬೇಕಾದವನು ನೀನು.

ನಿನ್ನ ಗೆಳೆಯನ ಡೀಸೆಲ್ ಬೊಲೆರೊಗೆ ಟ್ಯೂನ್ ಮಾಡಿಸಿ ಎಳೆತ ಬಹಳ ಹೆಚ್ಚಾಯಿತೆಂದು ಹೇಳಿದೆಯಲ್ಲ, ಅದು ನಿಜವಿರಬಹುದು. ಅಲ್ಲಿ ಟರ್ಬೊ ಇದೆ, ಗಾಳಿಯ ಒತ್ತಡ ಮತ್ತು ಡೀಸೆಲ್ ಏರಿಸಿದರೆ ಫಲ ಕಾಣುತ್ತದೆ. ಅದರ ಬಿಲ್ಲು ಬರುವ ಜಾಗ ಬೇರೆ: ಟರ್ಬೊ, ಕ್ಲಚ್ ಪ್ಲೇಟ್, ಬಿಎಸ್-6 ಗಾಡಿಯಾದರೆ ಹೊಗೆ ಶೋಧಿಸುವ ಸಾಮಾನು. ಅವನ ಫಲ ನೋಡಿ ನಿನ್ನ ಎಂಜಿನ್ನಿಗೆ ಲೆಕ್ಕ ಹಾಕಬೇಡ.

ಹುಬ್ಬಳ್ಳಿಗೆ ಹೋಗುವುದಾದರೆ ಹೋಗು, ತಡೆಯುವುದಿಲ್ಲ. ಆ ಮನುಷ್ಯನ ಮುಂದೆ ನಿಂತು ಮೂರು ಮಾತು ಕೇಳು. ಈ ಫೈಲ್ ನಮ್ಮ ಆಕ್ಟೇನ್ ಲೆಕ್ಕಕ್ಕೆ, ಇ-20 ಪೆಟ್ರೋಲಿಗೆ ಬರೆದದ್ದೇ? 2000ದಿಂದ 3500 ಆರ್‌ಪಿಎಂ ನಡುವೆ ಎಷ್ಟು ಟಾರ್ಕ್ ಹೆಚ್ಚುತ್ತದೆ? ತುಂಬಿದ ಲೋಡಿನಲ್ಲಿ, ಏರಿನಲ್ಲಿ ನನ್ನ ಜೊತೆ ಗಾಡಿಯಲ್ಲಿ ಕುಳಿತು ಟೈಮಿಂಗ್ ದಾಖಲೆ ತೋರಿಸುತ್ತೀರಾ? ಮೂರಕ್ಕೂ ನೇರ ಉತ್ತರ ಬಂದರೆ ಅವನು ಕೆಲಸ ಬಲ್ಲವನು, ಅವನು ಕೊಡುವುದರಲ್ಲಿ ಅತಿ ಮೆತ್ತನೆಯದನ್ನು ಆರಿಸಿಕೋ. ಒಂದಕ್ಕೆ ತಡವರಿಸಿದರೂ ನಮಸ್ಕಾರ ಹೇಳಿ, ಪೇಟೆಯಲ್ಲಿ ಒಂದು ಒಳ್ಳೆಯ ಏರ್ ಫಿಲ್ಟರ್ ಮತ್ತು ಒಂದು ಸೆಟ್ ಪ್ಲಗ್ ಕೊಂಡು ವಾಪಸ್ ಬಾ. ಹಾಕುವ ಕೆಲಸ ನಾನೇ ಮಾಡಿಕೊಡುತ್ತೇನೆ.